ಓದಿದವರ ಹೆಬ್ಬೆಟ್ಟು

ಜುಲೈ ಬಂತೆಂದರೆ ನಮ್ಮ ಪುಣೆ ಕನ್ನಡಿಗರ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಬಾಡಿಗೆ ಮನೆ, ಹುಬ್ಬಳ್ಳಿ ಬಸ್ಸಿನ ಟಿಕೆಟ್, ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂಬ ವಿಚಾರಣೆಗಳ ನಡುವೆ ಅದೂ ಒಂದು. ‘ಟ್ಯಾಕ್ಸ್ ಮಾಡೋರು ಯಾರರ ಗೊತ್ತಿದ್ರ ನಂಬರ್ ಕಳಸ್ರಿ. ರಿಫಂಡ್ ಜಾಸ್ತಿ ತಗಸಿ ಕೊಡೋರು ಬೇಕು.’ 2025ರಲ್ಲಿ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ತಳ್ಳಿದ್ದರು. ಹಾಗಾಗಿ ಆಗಸ್ಟ್ ಮುಗಿಯುತ್ತಾ ಬಂದರೂ ಪ್ರಶ್ನೆ ನಿಂತಿರಲಿಲ್ಲ. ಉತ್ತರಗಳೂ ನಿಂತಿರಲಿಲ್ಲ. ಐದು ನಿಮಿಷದಲ್ಲಿ ಮೂರು ನಂಬರು ಬರುತ್ತವೆ. ಮೂವರೂ ‘ನಮ್ಮೋರ’.

ಆ ಪ್ರಶ್ನೆಯ ಮೊದಲ ವಾಕ್ಯದ ಬಗ್ಗೆ ನನ್ನ ತಕರಾರಿಲ್ಲ. ತೆರಿಗೆ ಲೆಕ್ಕ ಗೊತ್ತಿರುವವರನ್ನು ಹುಡುಕುವುದು ತಪ್ಪಲ್ಲ, ಹಲ್ಲು ನೋವಿಗೆ ಡಾಕ್ಟರನ್ನು ಹುಡುಕಿದಂತೆ ಅದು. ನನ್ನ ಜಗಳ ಇರುವುದು ಎರಡನೇ ವಾಕ್ಯದ ಜೊತೆ. ರಿಫಂಡ್ ಎಂದರೆ ಏನು? ವರ್ಷವಿಡೀ ಸಂಬಳದಿಂದ ಟಿಡಿಎಸ್ ಎಂದು ಮುರಿದುಕೊಂಡಿದ್ದು ಕೊಡಬೇಕಾದ ತೆರಿಗೆಗಿಂತ ಹೆಚ್ಚಾಗಿದ್ದರೆ, ಆ ಹೆಚ್ಚಿನದ್ದು ವಾಪಸ್. ನಮ್ಮದೇ ದುಡ್ಡು, ನಮಗೇ. ಹೆಚ್ಚು ಮುರಿದಿದ್ದರೆ ಹೆಚ್ಚು ಬರುತ್ತದೆ, ಮುರಿಯದಿದ್ದರೆ ಬರುವುದಿಲ್ಲ. ಅದನ್ನು ‘ತಗಸಿ ಕೊಡುವ’ ವಿದ್ಯೆ ಎಂಬುದೊಂದು ಇಲ್ಲ. ಇದೆ ಎನ್ನುವವನು ಸುಳ್ಳು ಬರೆಯುತ್ತಾನೆ, ಬೇಕು ಎನ್ನುವವನು ಸುಳ್ಳು ಬರೆಸುತ್ತಾನೆ. ಇಷ್ಟು ಖಡಾಖಂಡಿತವಾಗಿ ಹೇಳಲು ನನಗೇನು ಅಧಿಕಾರ ಎಂದು ಕೇಳಿದರೆ, ನಾನೂ ಬರೆಸಿದವನೇ.

2023ರ ಜುಲೈ. ಗುಂಪಿನಲ್ಲಿ ಸಿಕ್ಕ ನಂಬರಿಗೆ ಫೋನ್ ಮಾಡಿದೆ. ನಮ್ಮ ಗದಗ ಕಡೆಯ ಮಾತು, ಕೇಳಿದ ಕೂಡಲೇ ಅರ್ಧ ನಂಬಿಕೆ ಬಂತು. ಝೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ, ಒಳಗೆ ಎರಡು ಕಂಪ್ಯೂಟರ್, ಗೋಡೆಗೆ ಸಿದ್ಧಾರೂಢರ ಫೋಟೊ. ಫಾರ್ಮ್ 16 ಕೊಟ್ಟೆ, ಪ್ಯಾನ್ ಕೊಟ್ಟೆ, ಆಧಾರ್ ಕೊಟ್ಟೆ. ಪಾಸ್‌ವರ್ಡ್ ಕೇಳಿದರು, ಅದನ್ನೂ ಕೊಟ್ಟೆ. ಫೀಸು ಎಷ್ಟು ಎಂದೆ. ‘ಫೀಸೇನೂ ಇಲ್ರಿ ಸರ. ರಿಫಂಡ್ ಬಂದ ಮ್ಯಾಲೆ ಅದರಾಗ ಇಪ್ಪತ್ತು ಪರ್ಸೆಂಟ್. ಬರಲಿಲ್ಲಂದ್ರ ಒಂದ್ ರೂಪಾಯಿನೂ ಬ್ಯಾಡ.’ ಎಷ್ಟು ನ್ಯಾಯವಾದ ಮಾತು ಅನ್ನಿಸಿತ್ತು ಆಗ!

ಎರಡು ದಿನ ಬಿಟ್ಟು ಬೆಳಿಗ್ಗೆ ಫೋನ್. ‘ಸರ, ಒಂದ್ ಒಟಿಪಿ ಬಂದಿರಬೇಕು, ಹೇಳ್ರಿ.’ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಮೈಕ್ ಮ್ಯೂಟ್ ಮಾಡಿ ಆರು ಅಂಕಿ ಓದಿ ಹೇಳಿದೆ. ನನ್ನ ಕೆಲಸ ಏನೆಂದು ಹೇಳಿದರೆ ನಗುತ್ತೀರಿ. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ತಂಡದಲ್ಲಿದ್ದೇನೆ. ‘ಒಟಿಪಿಯನ್ನು ಯಾರಿಗೂ ಹೇಳಬೇಡಿ’ ಎಂಬ ಸಂದೇಶ ಗ್ರಾಹಕರಿಗೆ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡುವುದೂ ಅದರಲ್ಲಿ ಸೇರಿದೆ.

ಆರು ವಾರದಲ್ಲಿ ಖಾತೆಗೆ 62,400 ರೂಪಾಯಿ ಬಂತು. ಅದರಲ್ಲಿ 12,480 ಅವರಿಗೆ ಕಳಿಸಿ, ಉಳಿದ 49,920ರಲ್ಲಿ ವಾಷಿಂಗ್ ಮಷೀನ್ ತಂದೆವು. ಅವರು ಒಂದು ಪಿಡಿಎಫ್ ಕಳಿಸಿದ್ದರು, ತೆರೆದು ನೋಡಲಿಲ್ಲ. ನೋಡಲಿಲ್ಲ ಎನ್ನುವುದು ನಿಜ, ಗೊತ್ತಿರಲಿಲ್ಲ ಎನ್ನುವುದು ಅರ್ಧ ಸುಳ್ಳು. ನನ್ನ ಫಾರ್ಮ್ 16ರಲ್ಲಿ ಕೊಡಬೇಕಾದ ತೆರಿಗೆ ಮತ್ತು ಮುರಿದ ತೆರಿಗೆ ಎರಡೂ ಒಂದೇ ಇತ್ತು. ಅರವತ್ತೆರಡು ಸಾವಿರ ಆಕಾಶದಿಂದ ಬಿದ್ದಿರಲಾರದು ಎಂದು ಎಂಜಿನಿಯರಿಂಗ್ ಓದಿದವನಿಗೆ ತಿಳಿಯದೇ? ತಿಳಿದಿತ್ತು. ಕೇಳಿದರೆ ಉತ್ತರ ಸಿಕ್ಕೀತು ಎಂಬ ಭಯಕ್ಕೆ ಕೇಳಲಿಲ್ಲ.

2025ರ ಜೂನ್‌ನಲ್ಲಿ ಸಹೋದ್ಯೋಗಿಯೊಬ್ಬರಿಗೆ ಇಲಾಖೆಯಿಂದ ಮೇಲ್ ಬಂತೆಂದು ಕ್ಯಾಂಟೀನಿನಲ್ಲಿ ಮಾತು ನಡೆಯಿತು. ಅವರು ಹೋದದ್ದೂ ಅದೇ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಗೆ. ಮನೆಗೆ ಬಂದು ಪೋರ್ಟಲ್ ತೆರೆಯಲು ನೋಡಿದೆ, ಪಾಸ್‌ವರ್ಡ್ ಹತ್ತಲಿಲ್ಲ. ಆಧಾರ್‌ಗೆ ನನ್ನದೇ ಫೋನ್ ಜೋಡಿಸಿದ್ದರಿಂದ ಹೇಗೋ ಹೊಸ ಪಾಸ್‌ವರ್ಡ್ ಮಾಡಿಕೊಂಡು ಒಳಗೆ ಹೋದೆ. ನನ್ನ ಪ್ರೊಫೈಲಿನಲ್ಲಿದ್ದ ಇಮೇಲ್ ನನ್ನದಲ್ಲ. ಮೊಬೈಲ್ ನಂಬರೂ ನನ್ನದಲ್ಲ. ರಿಟರ್ನ್‌ನಲ್ಲಿ ಸೆಕ್ಷನ್ 80ಜಿಜಿಸಿ ಅಡಿ ಒಂದು ರಾಜಕೀಯ ಪಕ್ಷಕ್ಕೆ ನಾನು ಎರಡು ಲಕ್ಷ ರೂಪಾಯಿ ದೇಣಿಗೆ ಕೊಟ್ಟಿದ್ದೇನೆ ಎಂದಿತ್ತು. ಶೇಕಡಾ 30ರ ಹಂತ, ಸೆಸ್ ಸೇರಿ 31.2, ಎರಡು ಲಕ್ಷಕ್ಕೆ ಸರಿಯಾಗಿ 62,400. ಆ ಪಕ್ಷದ ಹೆಸರು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಮ್ಮಪ್ಪ ಜೀವಮಾನದಲ್ಲಿ ಯಾವ ಪಕ್ಷಕ್ಕೂ ಎರಡು ರೂಪಾಯಿ ಕೊಟ್ಟವರಲ್ಲ, ಮಗ ಎರಡು ಲಕ್ಷ ಕೊಟ್ಟಿದ್ದ.

ಕೆಳಗೆ ಇಲಾಖೆಯ ಸಂದೇಶವೂ ಇತ್ತು. ಈ ದೇಣಿಗೆಯನ್ನು ಮತ್ತೊಮ್ಮೆ ಪರಿಶೀಲಿಸಿ, ತಪ್ಪಿದ್ದರೆ ಸರಿಪಡಿಸಿ ಎಂಬ ಸೌಮ್ಯವಾದ ಮಾತು. ತಾರೀಖು ಫೆಬ್ರುವರಿಯದು. ನಾಲ್ಕು ತಿಂಗಳು ಅದು ಯಾರದೋ ಸತ್ತ ಇಮೇಲಿನಲ್ಲಿ ಕೊಳೆಯುತ್ತಿತ್ತು.

ಆ ನಾಲ್ಕು ತಿಂಗಳ ಬೆಲೆ ಎಷ್ಟೆಂದು ಹೇಳುತ್ತೇನೆ, ಯಾಕೆಂದರೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಳೆಯ ರಿಟರ್ನ್ ತಿದ್ದಲು 2022ರಿಂದ ‘ಅಪ್‌ಡೇಟೆಡ್ ರಿಟರ್ನ್’ ಎಂಬ ದಾರಿ ಇದೆ. ಮೊದಲು ಎರಡು ವರ್ಷದ ಅವಕಾಶ ಇತ್ತು, 2025ರ ಏಪ್ರಿಲ್‌ನಿಂದ ನಾಲ್ಕು ವರ್ಷ. ಆದರೆ ತಡ ಮಾಡಿದಷ್ಟೂ ದಂಡ ಏರುತ್ತದೆ. ಅಸೆಸ್‌ಮೆಂಟ್ ವರ್ಷ ಮುಗಿದ ಮೊದಲ ಹನ್ನೆರಡು ತಿಂಗಳಲ್ಲಿ ತಿದ್ದಿದರೆ ಬಾಕಿ ತೆರಿಗೆ ಮತ್ತು ಬಡ್ಡಿಯ ಮೇಲೆ ಶೇಕಡಾ 25 ಹೆಚ್ಚುವರಿ ತೆರಿಗೆ, ಎರಡನೇ ವರ್ಷ 50, ಮೂರನೇ ವರ್ಷ 60, ನಾಲ್ಕನೆಯದರಲ್ಲಿ 70. ನನ್ನ ಮಟ್ಟಿಗೆ ಮೊದಲ ಹನ್ನೆರಡು ತಿಂಗಳು ಮುಗಿದದ್ದು 2025ರ ಮಾರ್ಚ್ 31ಕ್ಕೆ. ಫೆಬ್ರುವರಿಯ ಆ ಮೇಲ್ ನನ್ನ ಕೈಗೆ ಬಂದಿದ್ದರೆ, ಬಡ್ಡಿ ಬಿಟ್ಟು 78,000ದಲ್ಲಿ ಮುಗಿಯುತ್ತಿತ್ತು. ಜೂನ್‌ನಲ್ಲಿ 93,600 ಆಯಿತು, ಬಡ್ಡಿ ಬೇರೆ. ಕೈಗೆ ಬಂದದ್ದು 49,920. ತಿದ್ದಿ ಕೊಟ್ಟ ಸಿಎ ಫೀಸು 3,500, ಅದಕ್ಕೆ ರಸೀದಿ ಕೊಟ್ಟರು.

ಹಳಬರಿಗೆ ಫೋನ್ ಮಾಡಿದೆ. ‘ಎಲ್ಲಾರಿಗೂ ಅದನ್ನ ಹಾಕೇವ್ರಿ ಸರ. ಏನೂ ಆಗೂದಿಲ್ಲ. ಯಾರ್ ನೋಡ್ತಾರ?’ ಮರುದಿನದಿಂದ ನಂಬರ್ ಸ್ವಿಚ್ ಆಫ್. ಉಂಡೂ ಹೋದ, ಕೊಂಡೂ ಹೋದ.

ಆದರೂ ಅವರ ಮೇಲೆ ಎಲ್ಲ ಹೊರಿಸಿ ಕೈ ತೊಳೆದುಕೊಳ್ಳಲು ಈ ಲೇಖನ ಬರೆಯುತ್ತಿಲ್ಲ. ಕಾನೂನು ಹಾಗೆ ಕೈ ತೊಳೆಯಲು ಬಿಡುವುದೂ ಇಲ್ಲ. ರಿಟರ್ನ್ ಯಾರು ಟೈಪ್ ಮಾಡಿದರು ಎಂಬುದು ಮುಖ್ಯವಲ್ಲ, ದೃಢೀಕರಿಸಿದವರು ಯಾರು ಎಂಬುದೇ ಮುಖ್ಯ. ಕೊನೆಯ ಪುಟದಲ್ಲಿ ‘ಇಂಥವರ ಮಗನಾದ ನಾನು, ನನಗೆ ತಿಳಿದಮಟ್ಟಿಗೆ ಇದೆಲ್ಲ ನಿಜ’ ಎನ್ನುವ ಅರ್ಥದ ಹೇಳಿಕೆ ಇರುತ್ತದೆ. ಅಲ್ಲಿರುವುದು ನನ್ನ ಹೆಸರು, ನನ್ನಪ್ಪನ ಹೆಸರು. ನಾನು ಮ್ಯೂಟ್ ಮಾಡಿ ಓದಿ ಹೇಳಿದ ಆರು ಅಂಕಿಯೇ ಅದಕ್ಕೆ ಸಹಿ.

ನಮ್ಮಜ್ಜನ ಕಾಲದಲ್ಲಿ ಊರಿನ ಲೆಕ್ಕವೆಲ್ಲ ಶಾನುಭೋಗರ ಕೈಯಲ್ಲಿ ಇರುತ್ತಿತ್ತು. ಹೊಲ ಎಷ್ಟು, ಕಂದಾಯ ಎಷ್ಟು, ಯಾರ ಹೆಸರಿಗೆ ಏನಿದೆ ಎಂದು ಬರೆದವರು ಅವರು, ಕೆಳಗೆ ಹೆಬ್ಬೆಟ್ಟು ಒತ್ತಿದವರು ಓದು ಬಾರದವರು. ಏನು ಬರೆದಿದೆ ಎಂದು ಕೇಳುವ ಧೈರ್ಯವಿಲ್ಲದೆ ಹೊಲ ಕಳೆದುಕೊಂಡವರ ಕತೆ ನಮ್ಮ ಪ್ರತಿ ಊರಲ್ಲೂ ಎರಡೋ ಮೂರೋ ಸಿಗುತ್ತವೆ. ಅದನ್ನು ಕೇಳಿಕೊಂಡೇ ನಮ್ಮಪ್ಪ ‘ನೀನು ಓದು, ಸಹಿ ಮಾಡೋ ಮೊದಲು ಓದು’ ಎಂದು ಸಾಲ ಮಾಡಿ ಓದಿಸಿದರು. ಓದಿ, ಊರು ಬಿಟ್ಟು, ಹಿಂಜೆವಾಡಿಯ ಗಾಜಿನ ಕಟ್ಟಡದಲ್ಲಿ ಕೂತು ನಾವು ಮಾಡಿದ್ದೇನು? ಅದೇ ಹೆಬ್ಬೆಟ್ಟು. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ ಎಂಬ ಸಬೂಬಾದರೂ ಇತ್ತು.

ಈಗ ಇದರಲ್ಲಿ ತಂತ್ರಜ್ಞಾನದ ಪಾತ್ರವೂ ಇದೆ ಎನ್ನಬೇಕು. ಇ-ಫೈಲಿಂಗ್‌ನ ಮೊದಲ ವರ್ಷಗಳಲ್ಲಿ ಐಟಿಆರ್-ವಿ ಎಂಬ ಒಂದು ಹಾಳೆ ಮುದ್ರಿಸಿ, ಸಹಿ ಮಾಡಿ, ಅಂಚೆಯಲ್ಲಿ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಕಳಿಸಬೇಕಿತ್ತು. ದೆಹಲಿಯವರಾಗಲಿ ಚೆನ್ನೈಯವರಾಗಲಿ, ಇಡೀ ದೇಶದವರ ಹಾಳೆ ನಮ್ಮ ಬೆಂಗಳೂರಿಗೇ ಹೋಗುತ್ತಿತ್ತು; ರಿಟರ್ನ್ ಸಂಸ್ಕರಿಸುವ ಸಿಪಿಸಿ ಇರುವುದು ಅಲ್ಲಿ. ಊರು ಬಿಟ್ಟ ನಮಗೆ ಆ ವಿಳಾಸ ಬರೆಯುವಾಗ ಏನೋ ಸಣ್ಣ ಖುಷಿ. ಆ ಹಾಳೆ ಗೋಳೇ ಆಗಿತ್ತು, ಕಳೆದುಹೋಗುತ್ತಿತ್ತು, ಮಡಿಕೆ ಬಿದ್ದರೆ ತಿರಸ್ಕಾರವಾದೀತು ಎಂಬ ಹೆದರಿಕೆ ಇತ್ತು. ಆದರೆ ಸಹಿ ಮಾಡುವ ಆ ಒಂದು ನಿಮಿಷ ಒಟ್ಟು ಆದಾಯ, ಒಟ್ಟು ಕಡಿತ, ರಿಫಂಡ್ ಎಷ್ಟು ಎಂಬುದು ಕಣ್ಣಿಗೆ ಬೀಳುತ್ತಿತ್ತು. ಒಟಿಪಿ ಆ ಒಂದು ನಿಮಿಷವನ್ನೂ ತಿಂದುಹಾಕಿತು. ಈಗಲೂ ಹಾಳೆ ಕಳಿಸುವ ಅವಕಾಶ ಇದೆ, ರಿಟರ್ನ್ ಹಾಕಿದ 30 ದಿನದೊಳಗೆ. ಕಳಿಸುವವರು ಯಾರು?

‘ಎಲ್ಲರೂ ಮಾಡುತ್ತಾರೆ’ ಎಂಬ ವಾದಕ್ಕೆ ಬರೋಣ. ಹೌದು, ಬಹಳ ಜನ ಮಾಡುತ್ತಾರೆ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಇಂಥ ರಿಟರ್ನ್ ಹಾಕಿಕೊಡುವವರ ಜಾಗಗಳ ಮೇಲೆ ಪರಿಶೀಲನೆ ನಡೆಸಿತು. ಅಂದು ಹೊರಡಿಸಿದ ಪ್ರಕಟಣೆಯಲ್ಲಿ ಒಂದು ಮಾತಿತ್ತು: ಈ ಮಂದಿ ರಾಶಿ ರಾಶಿ ರಿಟರ್ನ್ ಹಾಕುವುದಕ್ಕೆಂದೇ ತಾತ್ಕಾಲಿಕ ಇಮೇಲ್ ಮಾಡಿ ಆಮೇಲೆ ಬಿಟ್ಟುಬಿಡುತ್ತಾರೆ, ಇಲಾಖೆಯ ನೋಟಿಸ್‌ಗಳು ಯಾರೂ ಓದದೆ ಉಳಿಯುತ್ತವೆ. ಓದುವಾಗ ನನ್ನ ಪ್ರೊಫೈಲನ್ನೇ ಯಾರೋ ನೋಡಿ ಬರೆದಂತಿತ್ತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕಡಿತ ವಾಪಸ್ ತೆಗೆದುಕೊಂಡರಂತೆ. ಆ ಸಾಲಿನ ಬಾಲದಲ್ಲಿ ನಾನೂ ನಿಂತಿದ್ದೆ. ಸಿಕ್ಕಿಬಿದ್ದವರಲ್ಲಿ ಬಹುರಾಷ್ಟ್ರೀಯ ಕಂಪನಿಗಳ ನೌಕರರು, ಸಾರ್ವಜನಿಕ ಉದ್ಯಮದವರು, ಸರ್ಕಾರಿ ನೌಕರರು, ಶಿಕ್ಷಣ ಸಂಸ್ಥೆಗಳವರು ಎಲ್ಲ ಇದ್ದಾರೆ ಎಂದೂ ಹೇಳಿದೆ. ಓದದವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಇದೇನು ಹೊಸದೂ ಅಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಸಿಬಿಐ ಒಂದು ಪ್ರಕರಣ ದಾಖಲಿಸಿತ್ತು. ಮನೆ ಆಸ್ತಿಯಿಂದ ನಷ್ಟವಾಗಿದೆ ಎಂದು ಸುಳ್ಳು ತೋರಿಸಿ ರಿಫಂಡ್ ಪಡೆದ ಆರೋಪ. ದೊಡ್ಡ ದೊಡ್ಡ ಕಂಪನಿಗಳ ನೌಕರರು ಅದರಲ್ಲಿದ್ದರು.

ಇನ್ನು ಬಾಡಿಗೆ ರಸೀದಿಯ ಕಲೆಯನ್ನು ನೋಡಿ. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಕೊಡಬೇಕು. ಹಾಗಾಗಿ ನಮ್ಮ ಆಫೀಸಿನಲ್ಲಿ ತಿಂಗಳಿಗೆ ಸರಿಯಾಗಿ 8,300 ಬಾಡಿಗೆ ಕೊಡುವವರು ಎಷ್ಟು ಮಂದಿ! ವಾಕಡ್‌ನಲ್ಲಿ 8,300ಕ್ಕೆ ಒಂದು ಬೈಕ್ ನಿಲ್ಲಿಸುವ ಜಾಗ ಸಿಗುವುದೂ ಕಷ್ಟ. ಊರಲ್ಲಿ ಇರುವ ಅಪ್ಪನ ಮನೆಗೆ ‘ಬಾಡಿಗೆ’ ತೋರಿಸಿ ಪುಣೆಯಲ್ಲಿ ವಾಸಿಸುವವರೂ ಇದ್ದಾರೆ. ಎಚ್‌ಆರ್‌ಎ ಸಿಗುವುದು ನೀವು ವಾಸ ಮಾಡುವ ಮನೆಗೆ. ಅಪ್ಪನ ಹೆಸರಿನ ಮನೆಯಲ್ಲೇ ನೀವು ಇದ್ದು, ನಿಜಕ್ಕೂ ಬಾಡಿಗೆ ಕೊಟ್ಟು, ಅಪ್ಪ ಅದನ್ನು ಆದಾಯವಾಗಿ ತೋರಿಸಿದರೆ ಆಗ ಸರಿ.

‘ರಸ್ತೆಯಲ್ಲಿ ಗುಂಡಿ, ರಾಜಕಾರಣಿ ತಿನ್ನುತ್ತಾನೆ, ದೊಡ್ಡವರು ಸಾವಿರ ಕೋಟಿ ನುಂಗುತ್ತಾರೆ, ನಾವು ಅರವತ್ತು ಸಾವಿರ ಉಳಿಸಿದರೆ ಏನು?’ ಎನ್ನುವವರು ಇದ್ದೇ ಇದ್ದಾರೆ. ಗುಂಡಿಯ ಬಗ್ಗೆ ಜಗಳ ಇದ್ದರೆ ಗುಂಡಿಯ ಬಗ್ಗೆ ಆಡಿ, ನಾನೂ ಬರುತ್ತೇನೆ. ಆದರೆ ಈ ಕೆಲಸಕ್ಕೆ ಪ್ರತಿಭಟನೆಯ ಅಂಗಿ ತೊಡಿಸಬೇಡಿ. ಪ್ರತಿಭಟಿಸುವವನು ಇಲ್ಲದ ಪಕ್ಷದ ಹೆಸರು ಬರೆಯುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ದೊಡ್ಡವರ ಲೆಕ್ಕ ಹಿಡಿಯಲು ಇಲಾಖೆಗೆ ವರ್ಷಗಳು ಬೇಕು. ಸಂಬಳದಾರನ ಲೆಕ್ಕ ಅದರ ಕೈಯಲ್ಲಿ ಮೊದಲೇ ಇದೆ. ಫಾರ್ಮ್ 16, 26ಎಎಸ್, 2021ರಿಂದ ಎಐಎಸ್: ಬ್ಯಾಂಕಿನ ಬಡ್ಡಿ, ಷೇರು ಮಾರಿದ್ದು, ಮ್ಯೂಚುವಲ್ ಫಂಡ್ ಕೊಂಡದ್ದು, ಎಲ್ಲ ಅಲ್ಲಿ ಬಂದು ಕೂತಿರುತ್ತದೆ. ಗಾಜಿನ ಮನೆಯಲ್ಲಿ ಕದಿಯಲು ಹೊರಟವರು ನಾವು. ನೋಟಿಸ್ ಕೊಟ್ಟು ಹಿಡಿದರೆ ತಪ್ಪು ಮಾಹಿತಿ ಕೊಟ್ಟ ಆದಾಯದ ತೆರಿಗೆಯ ಶೇಕಡಾ 200 ದಂಡ ಹಾಕಬಹುದು. ನನ್ನ ಲೆಕ್ಕದಲ್ಲಿ ಅದು 1,24,800, ತೆರಿಗೆ ಬಡ್ಡಿ ಬಿಟ್ಟು. ಆಗ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಗೆ ಬೀಗ ಬಿದ್ದಿರುತ್ತದೆ.

ಹಾಗಾದರೆ ವೃತ್ತಿಪರರನ್ನು ಹಿಡಿಯುವುದೇ ಬೇಡವೇ? ಬೇಕು. ನಾನು ಹೇಳುವುದು ಇಷ್ಟೇ, ಶೇಕಡಾವಾರು ಕೇಳುವವರು ಬೇಡ. ಚಾರ್ಟರ್ಡ್ ಅಕೌಂಟೆಂಟ್‌ಗಳ 1949ರ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದು ಸಿಎಗೆ ವೃತ್ತಿ ದುರ್ನಡತೆ. ರಿಫಂಡಿನಲ್ಲಿ ಪಾಲು ಕೇಳಿದವರು ಒಂದೋ ಸಿಎ ಅಲ್ಲ, ಇಲ್ಲವೇ ತಮ್ಮ ನಿಯಮವನ್ನೇ ಮುರಿಯಲು ಸಿದ್ಧರಾದವರು. ಎರಡರಲ್ಲಿ ಯಾವುದಾದರೂ ನಮಗೇಕೆ? ನಮ್ಮ ದೇಶದಲ್ಲಿ ರಿಟರ್ನ್ ತುಂಬಿ ಕೊಡುವುದಕ್ಕೆ ಲೈಸೆನ್ಸ್ ಬೇಕಿಲ್ಲ ಎಂಬುದೂ ಬಹಳ ಜನಕ್ಕೆ ಗೊತ್ತಿಲ್ಲ. ಕ್ಷೌರದಂಗಡಿಗೂ ನಗರಪಾಲಿಕೆಯ ಪರವಾನಗಿ ಬೇಕು, ನಿಮ್ಮ ಆದಾಯದ ಮೇಲೆ ಕತ್ತರಿ ಆಡಿಸಲು ಬೇಡ. ಫಲಕದಲ್ಲಿ ‘ಟ್ಯಾಕ್ಸ್ ಕನ್ಸಲ್ಟಂಟ್’ ಎಂದು ಯಾರು ಬೇಕಾದರೂ ಬರೆಸಬಹುದು.

ಪಾಸ್‌ವರ್ಡ್ ಕೊಡದೆ ಕೆಲಸ ಆಗುವುದಿಲ್ಲ ಎನ್ನುವುದೂ ಸುಳ್ಳು. ಪೋರ್ಟಲ್‌ನಲ್ಲೇ ನಿಮ್ಮ ಸಿಎಯನ್ನು, ಇಲಾಖೆಯಲ್ಲಿ ನೋಂದಾಯಿತರಾದ ಮಧ್ಯವರ್ತಿಯನ್ನು ಸೇರಿಸಿಕೊಳ್ಳುವ ವ್ಯವಸ್ಥೆ ಇದೆ. ಅಷ್ಟೂ ಬೇಡದಿದ್ದರೆ ಅವರು ತಯಾರಿಸಲಿ, ನೀವು ಮನೆಯಲ್ಲಿ ಕೂತು ಓದಿ ನೀವೇ ಹಾಕಿ.

ಯಾರಿಗೆ ಸಿಎ ಬೇಕೇ ಬೇಕು ಎಂದರೆ, ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನರ ಕಂಪನಿಯ ಮೂಲ ಅಮೆರಿಕದಲ್ಲಿದೆ, ಸಂಬಳದ ಜೊತೆ ಅಲ್ಲಿಯ ಷೇರು ಕೊಡುತ್ತಾರೆ. ಒಂದು ಷೇರು ಮಾರದಿದ್ದರೂ, ಒಂದು ರೂಪಾಯಿ ತೆರಿಗೆ ಬಾರದಿದ್ದರೂ, ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಅದನ್ನು ತೋರಿಸಲೇಬೇಕು. ಅದೂ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್ ಲೆಕ್ಕ. ಐಟಿಆರ್-1ರಲ್ಲಿ ಆ ಪಟ್ಟಿಯೇ ಇಲ್ಲ. ಐನೂರು ರೂಪಾಯಿಗೆ ಹತ್ತು ನಿಮಿಷದಲ್ಲಿ ಐಟಿಆರ್-1 ಒತ್ತಿ ಕಳಿಸುವವರು ನಿಮ್ಮನ್ನು ಈ ವಿಚಾರ ಕೇಳುವುದಿಲ್ಲ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ ದಂಡ ಹತ್ತು ಲಕ್ಷ. 2024ರ ಅಕ್ಟೋಬರ್‌ನಿಂದ, ಸ್ಥಿರಾಸ್ತಿ ಬಿಟ್ಟು ಒಟ್ಟು ಮೌಲ್ಯ 20 ಲಕ್ಷದೊಳಗಿದ್ದರೆ ಆ ದಂಡ ಇಲ್ಲ ಎಂದು ಮಾಡಿದ್ದಾರೆ. ತೋರಿಸುವ ಕರ್ತವ್ಯ ಹೋಗಿಲ್ಲ.

ಇನ್ನೊಂದು, ಊರಿನ ಹೊಲ. ಇದು ನಮ್ಮಂಥ ವಲಸಿಗರ ಮನೆಮನೆಯ ಕತೆ. ಅಪ್ಪ ತೀರಿಕೊಂಡರು, ಅಣ್ಣತಮ್ಮಂದಿರು ಮಾರಿ ಹಂಚಿಕೊಂಡರು, ಖಾತೆಗೆ ಮೂವತ್ತು ಲಕ್ಷ ಬಂತು. ‘ಕೃಷಿ ಭೂಮಿಗೆ ಟ್ಯಾಕ್ಸ್ ಇಲ್ಲ’ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಜಮೀನು ನಗರಸಭೆಯ ಮಿತಿಯೊಳಗಿದೆಯೇ, ಹೊರಗಿದ್ದರೆ ಎಷ್ಟು ದೂರ ಎಂಬುದರ ಮೇಲೆ ನಿಂತಿದೆ. ಆ ಪಟ್ಟಣದ ಜನಸಂಖ್ಯೆ ಹತ್ತು ಸಾವಿರದಿಂದ ಒಂದು ಲಕ್ಷದವರೆಗಿದ್ದರೆ ಎರಡು ಕಿಲೋಮೀಟರ್, ಹತ್ತು ಲಕ್ಷದವರೆಗೆ ಆರು, ಅದಕ್ಕೂ ಮೇಲಾದರೆ ಎಂಟು. ರಸ್ತೆಯ ದೂರವೂ ಅಲ್ಲ, ಹಕ್ಕಿ ಹಾರಿದಂತೆ ನೇರ ಅಳತೆ. ಗದಗಿನಿಂದ ಬಸ್ಸಿನಲ್ಲಿ ಎಂಟು ಕಿಲೋಮೀಟರ್ ಎನ್ನುವ ಹೊಲ ನೇರ ಅಳತೆಯಲ್ಲಿ ಆರರೊಳಗೆ ಬಂದರೆ ಲಾಭಕ್ಕೆ ತೆರಿಗೆ ಇದೆ. ಇಂಥದ್ದಕ್ಕೆ ಹತ್ತು ಸಾವಿರ ಫೀಸು ಕೊಟ್ಟರೂ ಅದು ದುಬಾರಿಯಲ್ಲ. ತಮಾಷೆ ಏನೆಂದರೆ ಇಂಥ ಕಡೆ ನಾವು ಸಿಎ ಹತ್ತಿರ ಹೋಗುವುದಿಲ್ಲ, ಸೋದರಮಾವನ ಮಾತು ಕೇಳುತ್ತೇವೆ. ಬರೀ ಸಂಬಳ ಇರುವ, ಪೋರ್ಟಲ್ ತಾನೇ ತುಂಬಿಟ್ಟಿರುವ ರಿಟರ್ನ್‌ಗೆ ಕನ್ಸಲ್ಟಂಟ್ ಹುಡುಕುತ್ತೇವೆ.

ಸರ್ಕಾರವನ್ನು ಸುಮ್ಮನೆ ಬಿಡುವ ಉದ್ದೇಶವೂ ನನಗಿಲ್ಲ. ನಾವು ತಡ ಮಾಡಿದರೆ ತಿಂಗಳಿಗೆ ಶೇಕಡಾ ಒಂದು ಬಡ್ಡಿ. ಅವರು ನಮ್ಮ ದುಡ್ಡು ಇಟ್ಟುಕೊಂಡರೆ ಅರ್ಧ. ರಿಫಂಡ್ ಒಟ್ಟು ತೆರಿಗೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಅದೂ ಇಲ್ಲ. ಇದ್ಯಾವ ಸೀಮೆ ತಕ್ಕಡಿ? 2021ರ ಜೂನ್ 7ರಂದು ಹೊಸ ಪೋರ್ಟಲ್ ತಂದರು, ತಿಂಗಳುಗಟ್ಟಲೆ ತೆರೆಯದೆ ಸತಾಯಿಸಿತು. ಅದನ್ನು ಕಟ್ಟಿದ ಇನ್ಫೋಸಿಸ್‌ನ ಮುಖ್ಯಸ್ಥರನ್ನು ಹಣಕಾಸು ಸಚಿವಾಲಯ ಕರೆಸಿ ಕೇಳಬೇಕಾಯಿತು. ಜನ ಗಡುವಿನ ಹಿಂದಿನ ರಾತ್ರಿ ಕೂತು ಪುಟ ತಿರುಗುವುದನ್ನು ಕಾದು ಕಾದು, ‘ಯಾರಿಗಾದರೂ ಕೊಟ್ಟು ಮುಗಿಸೋಣ’ ಎಂಬಲ್ಲಿಗೆ ಬಂದದ್ದರಲ್ಲಿ ಇದಕ್ಕೂ ಪಾಲಿದೆ. 2006ರಲ್ಲಿ ಸರ್ಕಾರವೇ ಪದವೀಧರರಿಗೆ ತರಬೇತಿ ಕೊಟ್ಟು, ಸಣ್ಣ ಫೀಸಿಗೆ ರಿಟರ್ನ್ ತುಂಬಿಕೊಡುವ ‘ಟ್ಯಾಕ್ಸ್ ರಿಟರ್ನ್ ಪ್ರಿಪೇರರ್’ ಯೋಜನೆ ತಂದಿತ್ತು. ಒಳ್ಳೆಯ ಯೋಚನೆ. ನಮ್ಮ ಗುಂಪಿನಲ್ಲಿ ಮುನ್ನೂರು ಜನ ಇದ್ದಾರೆ, ಅಂಥವರೊಬ್ಬರನ್ನು ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಒಬ್ಬರೂ ಕೈ ಎತ್ತಲಿಲ್ಲ.

2025ರ ಆಗಸ್ಟ್‌ನಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆಗೆ ಅಂಕಿತ ಬಿತ್ತು. 1961ರ ಕಾಯ್ದೆಯ 819 ಸೆಕ್ಷನ್‌ಗಳು 536 ಆಗಿವೆ, ಅಸೆಸ್‌ಮೆಂಟ್ ವರ್ಷ ಎಂಬ ಗೊಂದಲ ಹೋಗಿ ‘ಟ್ಯಾಕ್ಸ್ ಇಯರ್’ ಬರುತ್ತದೆ, 2026ರ ಏಪ್ರಿಲ್ 1ರಿಂದ ಜಾರಿ. ಇದರ ಜೊತೆಗೆ ಹೊಸ ಪದ್ಧತಿಯಲ್ಲಿ 2025-26ರ ಹಣಕಾಸು ವರ್ಷದಿಂದ 12 ಲಕ್ಷದವರೆಗೆ, ಸಂಬಳದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷದವರೆಗೆ, ತೆರಿಗೆಯೇ ಇಲ್ಲ. 80ಸಿ ಇಲ್ಲ, ಎಚ್‌ಆರ್‌ಎ ಇಲ್ಲ, ದೇಣಿಗೆಯೂ ಇಲ್ಲ. ಸುಳ್ಳು ಬರೆಯಲು ಜಾಗವೇ ಉಳಿಯದ ಪದ್ಧತಿ. ಆದರೂ ‘ಹಳೇ ಪದ್ಧತಿಯಾಗ ಹಾಕಿದ್ರ ರಿಫಂಡ್ ತಗಸಬಹುದ್ರಿ’ ಎಂಬ ಜಾಹೀರಾತು ಮೊನ್ನೆ ನನ್ನ ಫೋನಿಗೂ ಬಂತು.

ಕೊನೆಗೆ ನಮ್ಮ ಸಂಘಗಳ ವಿಷಯ. ಮುಂಬೈ, ಪುಣೆ, ಹೈದರಾಬಾದ್, ದೆಹಲಿ, ಎಲ್ಲಿ ನಾಲ್ಕು ಕನ್ನಡಿಗರಿದ್ದಾರೋ ಅಲ್ಲಿ ಒಂದು ಸಂಘ, ಎಂಟು ಜನ ಇದ್ದರೆ ಎರಡು. ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ, ಸನ್ಮಾನ, ಶಾಲು, ಬಿಸಿಬೇಳೆಬಾತ್. ಬೇಡ ಎನ್ನುತ್ತಿಲ್ಲ, ನಾನೂ ಉಂಡಿದ್ದೇನೆ. ಆದರೆ ಪ್ರತಿ ಸಂಘದಲ್ಲೂ ನಿವೃತ್ತ ಬ್ಯಾಂಕ್ ಮ್ಯಾನೇಜರರು ನಾಲ್ವರಾದರೂ ಇರುತ್ತಾರೆ, ಸಿಎ ಒಬ್ಬರಾದರೂ ಇರುತ್ತಾರೆ. ಜೂನ್ ಜುಲೈನಲ್ಲಿ ಎರಡು ಭಾನುವಾರ ಸಂಘದ ಹಾಲಿನಲ್ಲಿ ನಾಲ್ಕು ಲ್ಯಾಪ್‌ಟಾಪ್ ಇಟ್ಟು ಕೂತರೆ ಎಷ್ಟು ಜನ ಝೆರಾಕ್ಸ್ ಅಂಗಡಿಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ! ನಮ್ಮಂಥವರಿಗಿಂತ ಹೆಚ್ಚು ಬೇಕಾದವರೂ ಇದ್ದಾರೆ. ಊಟ ತಲುಪಿಸುವ ಹುಡುಗರು, ಗುತ್ತಿಗೆಯ ಮೇಲೆ ದುಡಿಯುವವರು. ಅವರ ಬಿಲ್ಲಿನಿಂದ ಶೇಕಡಾ ಒಂದು ಟಿಡಿಎಸ್ ಮುರಿದಿರುತ್ತದೆ, ತೆರಿಗೆ ಬರುವಷ್ಟು ಆದಾಯವೇ ಇರುವುದಿಲ್ಲ. ಆ ಎರಡು ಮೂರು ಸಾವಿರ ಅವರ ನಿಜವಾದ ರಿಫಂಡ್. ಅದನ್ನು ಕೇಳಬಹುದು ಎಂದೇ ಅವರಿಗೆ ಯಾರೂ ಹೇಳಿಲ್ಲ. ಕಳೆದ ವಾರ ಸಂಘದ ಕಾರ್ಯದರ್ಶಿಗಳಿಗೆ ಇದನ್ನು ಹೇಳಿದೆ. ‘ಒಳ್ಳೆ ವಿಚಾರ ರೀ, ಮುಂದಿನ ಕಮಿಟಿ ಬರಲಿ, ನೋಡೋಣ’ ಎಂದರು.

ಹಾಗಾಗಿ ಕಮಿಟಿಯನ್ನು ಕಾಯದೆ ಗುಂಪಿನಲ್ಲಿ ಒಂದು ಸಂದೇಶ ಹಾಕಿದ್ದೇನೆ. ನಾನು ಸಿಎ ಅಲ್ಲ, ಲೆಕ್ಕ ಹೇಳಿಕೊಡಲು ಬಾರದು. ಆದರೆ ನಿಮ್ಮ ಪ್ರೊಫೈಲಿನಲ್ಲಿರುವ ಇಮೇಲ್ ನಿಮ್ಮದೇ ಹೌದೋ ಅಲ್ಲವೋ ಎಂದು ನೋಡಲು ಹೇಳಿಕೊಡಬಲ್ಲೆ. ಭಾನುವಾರ ಹತ್ತು ಗಂಟೆಗೆ ಆರು ಜನ ಬರುತ್ತೇವೆ ಎಂದಿದ್ದಾರೆ. ಆಧಾರ್‌ಗೆ ಜೋಡಿಸಿದ ಫೋನ್ ಮತ್ತು ಕಳೆದ ಮೂರು ವರ್ಷದ ಪಿಡಿಎಫ್ ತನ್ನಿ ಎಂದು ಹೇಳಿದ್ದೇನೆ. ಅವಲಕ್ಕಿ ಸೂಸ್ಲಾ ಮನೆಯಲ್ಲಿ ಮಾಡುತ್ತೇವೆ.